ತೊಳೆದು ತಂದ ಅಂಗಿ

ಉದ್ಯಾವರದ ಅಣ್ಣು ಶೆಟ್ಟರ ಹೆಸರು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹಳೆಯದನ್ನೆಲ್ಲ ಮರೆತುಬಿಡಬೇಕು ಎಂದು ಬುದ್ಧಿ ಹೇಳುವವರು ಶೆಟ್ಟರ ಹಟ್ಟಿಯಲ್ಲಿ ಸಗಣಿ ಬಾಚಿದವರಲ್ಲ.

ನನ್ನ ಅಪ್ಪ ಹುಸೇನಪ್ಪ ಬಾದಾಮಿ ಕಡೆಯಿಂದ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಬಂದವನು. ಅವ್ವ ಲಕ್ಕವ್ವ ಹಾಸ್ಟೆಲ್ಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಬೆಳೆದದ್ದು ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ. ಸಿಮೆಂಟಿನ ಧೂಳು ಕುಡಿದು ಬೆಳೆದವಳಿಗೆ ದನದ ಡಾಕ್ಟರಾಗುವ ಹುಚ್ಚು ಹೇಗೆ ಹತ್ತಿತೋ, ಹತ್ತಿತು. ಲಾರಿ ಹಾಯ್ದ ನಾಯಿಯೊಂದರ ಕಾಲಿಗೆ ಒಬ್ಬರು ಡಾಕ್ಟರಮ್ಮ ನಮ್ಮ ಶೆಡ್ಡಿನ ಮುಂದೆಯೇ ಕೂತು ಹೊಲಿಗೆ ಹಾಕಿದ್ದನ್ನು ನೋಡಿದ ಮೇಲೆ ನನಗೆ ಬೇರೆ ಯಾವ ಕೆಲಸವೂ ಕೆಲಸ ಅನ್ನಿಸಲಿಲ್ಲ.

ಊರಲ್ಲಿ ಅಪ್ಪನ ಹೆಸರಿಗೆ ಎರಡೆಕರೆ ಹೊಲವಿತ್ತು. ಹಾಗಾಗಿ ಪಿಯುಸಿ ಮುಗಿದ ಮೇಲೆ ರೈತರ ಮಕ್ಕಳ ಲೆಕ್ಕದಲ್ಲಿ ಪಶುವೈದ್ಯ ಸೀಟಿಗೆ ಅರ್ಜಿ ಹಾಕಿದೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇತ್ತು. ಎದುರಿಗಿದ್ದ ಹಸುವನ್ನು ಹಿಡಿದು ತೋರಿಸು ಎಂದರು. ನಾನು ಹಿಂದಿನಿಂದ ಹೋದೆ. ಒದೆ ಬಿತ್ತು. "ಮನೇಲಿ ಒಂದು ಕರುವನ್ನೂ ಸಾಕಿಲ್ವೇನಮ್ಮಾ?" ಎಂದು ಕೇಳಿ ಪರೀಕ್ಷಕರು ಮುಂದಿನವರನ್ನು ಕರೆದರು. ಬಸ್ಸಿನಲ್ಲಿ ಅಳುತ್ತ ಬಂದವಳು ಮಣಿಪಾಲದಲ್ಲಿ ಇಳಿಯುವಾಗ ತೀರ್ಮಾನ ಮಾಡಿದ್ದೆ: ಒಂದು ವರ್ಷ ದನಗಳ ಜೊತೆಯೇ ಇದ್ದು, ಕಲಿತು, ಮತ್ತೆ ಬರುತ್ತೇನೆ.

ಹಾಗೆ ಹುಡುಕಿಕೊಂಡು ಹೋದದ್ದು ಶೆಟ್ಟರ ಹೈನಿನ ಹಟ್ಟಿಗೆ. ಶೆಟ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಬೆಳಿಗ್ಗೆ ಸಂಜೆ ಹಟ್ಟಿ ಕೆಲಸ ಮಾಡು. ಗುರುವಾರ ಸ್ವರ್ಣಲತಾ ಡಾಕ್ಟ್ರು ಬರ್ತಾರೆ, ಅವರ ಜೊತೆ ನಿಂತು ಎಲ್ಲ ಕಲಿ. ಹೆರಿಗೆ, ಇಂಜೆಕ್ಷನ್, ಎಲ್ಲ. ಸಂಬಳ ಎಂತ ಬೇಡ ಅಲ್ವಾ? ಕಲಿಯುವುದೇ ಸಂಬಳ."

ನನಗೆ ಅದು ವರದ ಹಾಗೆ ಕೇಳಿಸಿತು. ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಮರಳುತ್ತಿದ್ದೆ. ಸಗಣಿ ಬಾಚಿದೆ, ಹುಲ್ಲು ಹೆರೆದೆ, ಹಿಂಡಿ ಕಲಸಿದೆ. ಹಟ್ಟಿ ಕೆಲಸಕ್ಕೆಂದು ಅಪ್ಪನ ಹಳೆಯ ಖಾಕಿ ಅಂಗಿಯೊಂದನ್ನು ಚೂಡಿದಾರದ ಮೇಲೆ ಹಾಕಿಕೊಳ್ಳುತ್ತಿದ್ದೆ. ಗುರುವಾರ ಸ್ಕೂಟರಿನಲ್ಲಿ ಬರುವ ಸ್ವರ್ಣಲತಾ ಡಾಕ್ಟರಮ್ಮನ ಚೀಲ ಹಿಡಿದು ನಿಲ್ಲುತ್ತಿದ್ದೆ. ದನಕ್ಕೆ ಮೊದಲು ನಮ್ಮ ಮುಖ ಕಾಣಬೇಕು, ನಮ್ಮ ದನಿ ಕೇಳಬೇಕು, ಆಮೇಲೆ ಮೈ ಮುಟ್ಟಬೇಕು ಎಂದು ಅವರು ಹೇಳಿಕೊಟ್ಟಿದ್ದರು.

ಅಷ್ಟರಲ್ಲಿ ಶೆಟ್ಟರ ಮಗ ಪ್ರತೀಕನಿಗೆ ಮೆಡಿಕಲ್ ಸೀಟು ತಪ್ಪಿತು. ಅವನೂ ದನದ ಡಾಕ್ಟರೇ ಆಗಲಿ ಎಂದು ಮನೆಯಲ್ಲಿ ನಿಶ್ಚಯವಾಯಿತು. ಮುಂದಿನ ಗುರುವಾರದಿಂದ ಚೀಲ ಅವನ ಕೈಗೆ ಹೋಯಿತು. ಡಾಕ್ಟರಮ್ಮ ಬರುವ ಹೊತ್ತಿಗೆ ನನ್ನನ್ನು ಹೊಳೆ ಬದಿಗೆ ಹುಲ್ಲಿಗೆ ಅಟ್ಟುತ್ತಿದ್ದರು. ರಾಜಶ್ರೀ ಎಲ್ಲಿ ಎಂದು ಅವರು ಕೇಳಿದರೆ, ಅವಳಿಗೆ ಆಸಕ್ತಿ ಇಲ್ಲ ಎಂದು ಶೆಟ್ಟರೇ ನನ್ನ ಪರವಾಗಿ ಉತ್ತರ ಕೊಡುತ್ತಿದ್ದರಂತೆ.

ಬೊಳ್ಳಿ ಎಂಬ ಬಿಳಿ ಹಸು ಕರು ಹಾಕುವ ದಿನ ನಾನು ಹಟ್ಟಿಯ ಹೊರಗೆ ಬಿಸಿನೀರಿನ ಬಾಲ್ದಿ ಹಿಡಿದು ನಿಂತಿದ್ದೆ. ಕರು ಅಡ್ಡವಾಗಿತ್ತು. ಒಳಗೆ ಪ್ರತೀಕ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಗೋಡೆಗೆ ಅಂಟಿದ್ದ. ಡಾಕ್ಟರಮ್ಮ, "ಇನ್ನೊಂದು ಕೈ ಬೇಕು, ಯಾರಾದರೂ ಬನ್ನಿ!" ಎಂದು ಕೂಗಿದಾಗ ನಾನು ಬಾಗಿಲಿಗೆ ಓಡಿದೆ. ಶೆಟ್ಟರು ಅಡ್ಡ ನಿಂತರು. ಕರು ಸತ್ತೇ ಹುಟ್ಟಿತು. ನಾನು ಹೋಗಿದ್ದರೆ ಬದುಕುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಹೋಗಲು ಬಿಡಲಿಲ್ಲ ಎನ್ನುವುದು ಗೊತ್ತು.

ಅವತ್ತು ಡಾಕ್ಟರಮ್ಮ ಹೋದ ಮೇಲೆ ಬಾಯಿ ಬಿಟ್ಟು ಕೇಳಿದೆ. "ನನಗೆ ಮಾತು ಕೊಟ್ಟಿದ್ರಿ, ಶೆಟ್ರೇ."

"ಎಂತ ಮಾರಾಯ್ತಿ," ಎಂದರು ಶೆಟ್ಟರು, ನಗುತ್ತ. "ಘಟ್ಟದವರೆಲ್ಲ ಡಾಕ್ಟರಾದರೆ ನಮ್ಮ ಸಗಣಿ ಬಾಚುವವರು ಯಾರು?"

ಬಯಲುಸೀಮೆಯಿಂದ ಕೂಲಿಗೆ ಬಂದ ನಮ್ಮಂಥವರಿಗೆಲ್ಲ ಇಲ್ಲಿಯವರು ಇಟ್ಟ ಹೆಸರು ಘಟ್ಟದವರು. ಪ್ರತೀಕನೂ ನಕ್ಕ. ಆ ನಗುವನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ.

ಕೆಲಸ ಬಿಟ್ಟು ಹೋಗಬಹುದಿತ್ತು. ಆದರೆ ಕರು ಕಳೆದುಕೊಂಡ ಬೊಳ್ಳಿ ಯಾರಿಗೂ ಹಾಲು ಕೊಡದೆ ಒದೆಯುತ್ತಿತ್ತು. ನಾನು ಅದರ ಪಕ್ಕ ಕೂತು, ಕುತ್ತಿಗೆ ತುರಿಸುತ್ತ, ಅವ್ವ ಹೇಳುವ ಬೀಸುವ ಹಾಡು ಗುನುಗುತ್ತ ಇದ್ದೆ. ಕೊನೆಗೆ ಅದು ನನ್ನ ಅಂಗಿಯ ತೋಳು ನೆಕ್ಕಿ, ಹಾಲು ಇಳಿಬಿಟ್ಟಿತು. ಆಮೇಲೆ ಬೇರೆಯವರ ಕೈಗೆ ಕೊಡಲೇ ಇಲ್ಲ. ಬೊಳ್ಳಿಗಾಗಿ ಉಳಿದೆ ಎನ್ನುವುದು ಅರ್ಧ ನಿಜ. ಇವರಿಗೆ ಏನಾದರೂ ಮಾಡದೆ ಹೋಗುವ ಮನಸ್ಸು ನನಗಿರಲಿಲ್ಲ ಎನ್ನುವುದು ಉಳಿದರ್ಧ.

ಅವಕಾಶವನ್ನು ಶೆಟ್ಟರೇ ತಂದುಕೊಟ್ಟರು. ಕಾರ್ಕಳದಲ್ಲಿ ಹಾಲು ಕರೆಯುವ ಸ್ಪರ್ಧೆ ಇತ್ತು. ಸುತ್ತಮುತ್ತ ಬೊಳ್ಳಿಯಷ್ಟು ಹಾಲು ಕೊಡುವ ಹಸು ಇರಲಿಲ್ಲ. ಶೆಟ್ಟರು ಪ್ರತೀಕನ ಹೆಸರು ಬರೆಸಿದರು. ಯಾರ ಹೆಸರು ಬರೆಸಿದೆಯೋ ಅವರೇ ಹಾಲು ಕರೆಯಬೇಕು ಎಂಬುದು ನಿಯಮ. ಪೇಪರಿನಲ್ಲಿ ಮಗನ ಫೋಟೋ ಬಂದರೆ ಸೀಟಿಗೆ ಒಳ್ಳೆಯದು ಎಂದು ಅವರ ಯೋಚನೆ. ಮಗ ಕೈ ಹಾಕಿ ನೋಡಿದ. ಬೊಳ್ಳಿ ಬಾಲ್ದಿಯನ್ನು ಹಟ್ಟಿಯಾಚೆ ಹಾರಿಸಿತು.

ಆಗ ಶೆಟ್ಟರ ಹೆಂಡತಿ ಕುಶಲಕ್ಕ ಒಂದು ಮಾತು ಹೇಳಿದರು. "ನಮ್ಮ ಅತ್ತೆ ತವರಿಗೆ ಹೋದಾಗ ಮಾವ ಅವರ ಸೀರೆ ಸುತ್ತಿಕೊಂಡು ಕರೆಯುತ್ತಿದ್ರು. ದನಕ್ಕೆ ವಾಸನೆಯೇ ಗುರುತು. ಪ್ರತೀಕ್ ಇವಳ ಅಂಗಿ ಹಾಕಿಕೊಂಡರೆ ಆಯ್ತು." ಅಷ್ಟು ಹೇಳಿ, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೆ ಹೋದರು.

ಪ್ರತೀಕ ನನ್ನ ಅಂಗಿ ನೋಡಿ ಮುಖ ಸಿಂಡರಿಸಿದ. "ಛೀ! ಇವಳ ಬೆವರಿನದ್ದು ನಾನು ಹಾಕುವುದಾ?"

"ತೊಳೆಸಿದರೆ ಆಯ್ತಲ್ಲ," ಎಂದರು ಶೆಟ್ಟರು. ನನ್ನ ಕಡೆ ತಿರುಗಿ, "ರಾಜಶ್ರೀ, ನಾಳೆ ಅಂಗಿ ಚೆಂದ ಮಾಡಿ ತೊಳೆದು ತಾ. ಡೆಟಾಲ್ ಹಾಕು. ಒಂಚೂರು ವಾಸನೆ ಇರಬಾರದು."

ವಾಸನೆಗೋಸ್ಕರ ಬೇಕಾದ ಅಂಗಿಯನ್ನು ವಾಸನೆ ಹೋಗುವ ಹಾಗೆ ತೊಳೆದು ತಾ ಎನ್ನುತ್ತಿದ್ದಾರೆ! ನನಗೆ ಎದೆಯೊಳಗೆ ತಂಪಾಯಿತು. ಆದರೂ ಕೇಳಿದೆ. "ತೊಳೆದೇ ತರಬೇಕಾ, ಶೆಟ್ರೇ?"

"ಮತ್ತೆಂತ? ನಿಮ್ಮದು ಹಾಗೆಯೇ ಹಾಕಲಿಕ್ಕೆ ಆಗ್ತದಾ?"

ಸರಿ ಎಂದೆ.

ಅವತ್ತು ಶೆಡ್ಡಿನ ನಲ್ಲಿಯ ಕೆಳಗೆ ಆ ಅಂಗಿಯನ್ನು ತೊಳೆದ ಹಾಗೆ ನಾನು ಜನ್ಮದಲ್ಲಿ ಏನನ್ನೂ ತೊಳೆದಿಲ್ಲ. ಸೋಪು, ಡೆಟಾಲು, ಮತ್ತೆ ಸೋಪು. ಒಂದೊಂದು ಸಲ ಕಲ್ಲಿಗೆ ಬಡಿದಾಗಲೂ ಶೆಟ್ಟರ ಒಂದೊಂದು ಮಾತು ನೆನಪಿಸಿಕೊಂಡೆ.

"ಎಷ್ಟ್ ಬಡೀತೀಯ ಅದನ್ನ? ಹರೀತೈತಿ ನೋಡು," ಎಂದಳು ಅವ್ವ.

"ಹಬ್ಬಕ್ಕೂ ನನ್ನ ಅಂಗಿ ಯಾರೂ ಹಿಂಗ ತೊಳದಿಲ್ಲ," ಎಂದು ಅಪ್ಪ ನಕ್ಕ.

"ಶೆಟ್ರು ಹೇಳ್ಯಾರ, ಯವ್ವಾ," ಎಂದೆ. ಇಸ್ತ್ರಿಯನ್ನೂ ಹಾಕಿಸಿ ಕೊಟ್ಟೆ.

ಕಾರ್ಕಳದ ಮೈದಾನದಲ್ಲಿ ಶಾಮಿಯಾನ, ಮೈಕು, ತುಂಬಿದ ಜನ. ಸ್ವರ್ಣಲತಾ ಡಾಕ್ಟರಮ್ಮ ತೀರ್ಪುಗಾರರ ಸಾಲಿನಲ್ಲಿದ್ದರು. ಪ್ರತೀಕ ಗರಿಗರಿ ಖಾಕಿ ಅಂಗಿ ತೊಟ್ಟು, ಅದರ ಮೇಲೆ ಸೆಂಟು ಬೇರೆ ಹೊಡೆದುಕೊಂಡು ಬಂದ. ಸೀಟಿ ಊದಿದರು. ಬೊಳ್ಳಿ ತಿರುಗಿ ಅಂಗಿಯನ್ನು ಮೂಸಿತು, ಮುಖ ತಿರುಗಿಸಿತು, ಬಾಲ್ದಿಯನ್ನು ಒದೆಯಿತು. ಜನ ಹೋ ಎಂದರು. ಪ್ರತೀಕ ಬಾಲ್ದಿ ಎತ್ತಿ ಇಟ್ಟ. ಮತ್ತೆ ಒದೆಯಿತು. ಮೈಕಿನಲ್ಲಿದ್ದವನು, "ಉದ್ಯಾವರದ ಹಸುವಿಗೆ ಇವತ್ತು ಮೂಡ್ ಇಲ್ಲ!" ಎಂದ. ಪ್ರತೀಕನ ಕಿವಿ ಕೆಂಪಾದದ್ದು ನನಗೆ ದೂರದಿಂದಲೂ ಕಂಡಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬ ಊಟ ಮಾಡಿದ ಹಾಗಾಯಿತು.

ಶೆಟ್ಟರು ಗುಂಪಿನಲ್ಲಿ ನನ್ನನ್ನು ಹುಡುಕಿ ಹಗ್ಗದ ಬಳಿ ಓಡಿ ಬಂದರು. "ಹತ್ತಿರ ಬಂದು ನಿಲ್ಲು ಮಾರಾಯ್ತಿ. ಕರೆಯುವುದು ಬೇಡ. ಅದಕ್ಕೆ ನೀನು ಕಂಡರೆ ಸಾಕು."

ನಾನು ಶಾಮಿಯಾನದ ಬಣ್ಣ ನೋಡುತ್ತ ನಿಂತೆ.

ಬೊಳ್ಳಿ ಕೂಗಿತು. ಕೆಚ್ಚಲು ಬಿಗಿದು ಹೊಳೆಯುತ್ತಿತ್ತು, ಹಿಂಗಾಲು ಎತ್ತಿ ಎತ್ತಿ ಇಡುತ್ತಿತ್ತು. ಇನ್ನೊಮ್ಮೆ ಕೂಗಿದಾಗ ನನ್ನ ಹೊಟ್ಟೆಯೊಳಗಿನ ಹಬ್ಬ ನಿಂತುಹೋಯಿತು. ಆದರೂ ಕಾಲು ಕೀಳಲಿಲ್ಲ. ಕೊನೆಯ ಸೀಟಿ ಆಗುವವರೆಗೆ ಹಲ್ಲು ಕಚ್ಚಿ ನಿಂತೆ. ಪ್ರತೀಕನ ಬಾಲ್ದಿಯಲ್ಲಿ ಚಹಾಕ್ಕೆ ಸಾಲುವಷ್ಟು ಹಾಲಿತ್ತು.

ಸೀಟಿ ಆದ ಕೂಡಲೇ ಹಗ್ಗದ ಕೆಳಗೆ ನುಸುಳಿ ಓಡಿದೆ. ಮುಖ ತೋರಿಸಿದೆ, ಮಾತಾಡಿಸಿದೆ, ಕುತ್ತಿಗೆ ಸವರಿದೆ. ನನಗೆ ಅಂಗಿ ಬೇಕಾಗಿರಲಿಲ್ಲ. ಬೀಸುವ ಹಾಡು ಶುರು ಮಾಡುವ ಮೊದಲೇ ಹಾಲು ಇಳಿಯಿತು. ಬಾಲ್ದಿ ತುಂಬಿ, ಯಾರೋ ಇನ್ನೊಂದು ತಂದುಕೊಟ್ಟರು. ಅಳೆದಾಗ ಗೆದ್ದ ಹಸುವಿಗಿಂತ ಎಷ್ಟೋ ಹೆಚ್ಚಿತ್ತು. ಲೆಕ್ಕಕ್ಕೆ ಬರುವ ಹೊತ್ತು ಮುಗಿದಿತ್ತು.

ಮೈಕಿನವನು ಹೆಸರು ಕೇಳಿದ. "ಅವಳು ನಮ್ಮ ಕೆಲಸದವಳು," ಎಂದರು ಶೆಟ್ಟರು.

ನಾನು ಮೈಕು ಎಳೆದುಕೊಂಡೆ. "ರಾಜಶ್ರೀ. ಘಟ್ಟದವಳು."

ಡಾಕ್ಟರಮ್ಮ ಬಂದು ಕೆಚ್ಚಲು ಮುಟ್ಟಿ ನೋಡಿದರು. ಹೊಗಳುತ್ತಾರೆ ಅಂದುಕೊಂಡೆ. "ಶೆಟ್ಟರು ಕರೆದರೂ ನೀನು ಬಾರದ್ದನ್ನು ನೋಡಿದೆ. ಇದಕ್ಕೆ ಎಷ್ಟು ನೋವಾಗಿರಬೇಕು ಅಂತ ನಿನಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು, ಮೇಡಂ."

"ಮನುಷ್ಯರ ಮೇಲಿನ ಸಿಟ್ಟನ್ನು ಇನ್ನೊಮ್ಮೆ ದನದ ಮೇಲೆ ತೀರಿಸಿದರೆ ನನ್ನ ಸ್ಕೂಟರ್ ಹತ್ತಬೇಡ. ನಾಳೆ ಬೆಳಿಗ್ಗೆ ಕಾಪುವಿನಲ್ಲಿ ಒಂದು ದನದ ಹೆರಿಗೆ ಉಂಟು. ಉಡುಪಿ ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿರು."

ತಲೆ ಆಡಿಸಿದೆ. ಬೈದದ್ದು ಸರಿಯಾಗಿಯೇ ಇತ್ತು. ಬೊಳ್ಳಿಯ ಮುಖ ನೋಡಲು ನನಗೆ ನಾಚಿಕೆಯಾಯಿತು. ಶೆಟ್ಟರ ಮುಖ ನೋಡಲು ಏನೂ ಆಗಲಿಲ್ಲ.

"ತೊಳೆದರೆ ಹೀಗಾಗ್ತದೆ ಅಂತ ಮೊದಲೇ ಹೇಳಬಾರದಾ?" ಎಂದರು ಶೆಟ್ಟರು.

"ಕೇಳಿದೆನಲ್ಲ, ತೊಳೆದೇ ತರಬೇಕಾ ಅಂತ."

ಆಮೇಲೆ ಪ್ರತೀಕನ ಎದುರು ಹೋಗಿ ಕೈ ಚಾಚಿದೆ. "ಅಂಗಿ ಬಿಚ್ಚು. ನಮ್ಮಪ್ಪನದ್ದು."

ಅವನು ತನ್ನ ಅಪ್ಪನ ಮುಖ ನೋಡಿದ. ಶೆಟ್ಟರು ನೆಲ ನೋಡಿದರು. ಗುಂಡಿ ಬಿಚ್ಚಿ ಕೊಟ್ಟು, ಅಷ್ಟು ಜನರ ನಡುವೆ ಬನಿಯನ್ನಿನಲ್ಲಿ ನಿಂತ.

ಮಣಿಪಾಲದ ಬಸ್ಸಿನಲ್ಲಿ ಅಂಗಿ ನನ್ನ ಮಡಿಲಲ್ಲಿತ್ತು, ಅವನ ಸೆಂಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮನೆಗೆ ಹೋದವಳೇ ನಲ್ಲಿಯ ಕೆಳಗೆ ಹಾಕಿ ಮತ್ತೆ ತೊಳೆದೆ. ಈ ಸಲ ಯಾರೂ ಹೇಳಿರಲಿಲ್ಲ.