ಲೈಟು ಹೋದ ಪಂದ್ಯ

ಫುಟ್‌ಬಾಲಿನ ಜಗಳಕ್ಕೆ ಕನ್ನಡಕದ ಅಂಗಡಿಗಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ರೆಫರಿಗೆ ಕಣ್ಣು ಕಾಣುವುದಿಲ್ಲ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, “ಕಳಿಸಿ ಇಲ್ಲಿಗೆ, ಅರ್ಧ ರೇಟಿಗೆ ಮಾಡಿಕೊಡ್ತೀನಿ” ಎಂದು ಅಪ್ಪ ಹೇಳಲೇಬೇಕು, ಕೇಳಿದವರು ನಗಲೇಬೇಕು. ಇಪ್ಪತ್ತು ವರ್ಷದಿಂದ ಉಜ್ಜಿ ಉಜ್ಜಿ ಆ ಜೋಕು ಗೀರು ಬಿದ್ದ ಗಾಜಿನಂತಾಗಿತ್ತು. ಆದರೂ ಬುಧವಾರ ಬಂತೆಂದರೆ ಅದು ಹೊರಗೆ ಬರುತ್ತಿತ್ತು.

ಬುಧವಾರ ದೊಡ್ಡಪ್ಪ ಬರುವ ದಿನ. ಅಪ್ಪನಿಗಿಂತ ಆರು ವರ್ಷ ದೊಡ್ಡವರಾದ ಅವರು ಸಿಟಿ ಬಸ್ಸಿನ ಡ್ರೈವರು. ವಾರಕ್ಕೊಮ್ಮೆ ಅವರಿಗೆ ಈ ದಾರಿಯ ಪಾಳಿ. ಬಸ್ಸು ಅಂಗಡಿಯ ಎದುರಿನ ನಿಲ್ದಾಣಕ್ಕೆ ಮೂರಕ್ಕೆ ಬಂದರೆ ಮೂರೂ ಇಪ್ಪತ್ತೈದರವರೆಗೆ ನಿಲ್ಲುತ್ತಿತ್ತು. ಆ ಇಪ್ಪತ್ತೈದು ನಿಮಿಷ ದೊಡ್ಡಪ್ಪ ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯಲ್ಲಿ ಕೂತು, ಎದುರಿನ ಅಕ್ಷರಗಳ ಫಲಕ ನೋಡುತ್ತಾ, ಅಪ್ಪನ ತಂಡವನ್ನು ಬಯ್ಯುತ್ತಿದ್ದರು. ಅಪ್ಪ ಲೆನ್ಸಿನ ಅಂಚನ್ನು ಯಂತ್ರದಲ್ಲಿ ಸವೆಸುತ್ತಾ ದೊಡ್ಡಪ್ಪನ ತಂಡವನ್ನು ಬಯ್ಯುತ್ತಿದ್ದರು. ಮಗಳು ಪುಟ್ಟಿ ಮೂಲೆಯ ಮೇಜಿನಲ್ಲಿ ಆರ್ಡರು ಪುಸ್ತಕ ತುಂಬುತ್ತಿದ್ದಳು. ಡಿಗ್ರಿ ಮುಗಿಸಿ ಎರಡು ವರ್ಷವಾಗಿದ್ದರೂ ಅವಳು ಎಲ್ಲರಿಗೂ ಪುಟ್ಟಿಯೇ. ಗಿರಾಕಿಗಳ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿರುವವಳನ್ನು ಬೇರೆ ಹೆಸರಿನಿಂದ ಕರೆಯುವ ಪ್ರಸಂಗವೇ ಯಾರಿಗೂ ಬಂದಿರಲಿಲ್ಲ.

ಅಪ್ಪ ಮಿಲ್ಲಿನ ತಂಡದವರು, ದೊಡ್ಡಪ್ಪ ರೈಲ್ವೆ ತಂಡದವರು. ಇದಕ್ಕೆಲ್ಲ ಕಾರಣ ಅಜ್ಜಿ. ಮಕ್ಕಳಿಬ್ಬರಿಗೂ ಉಲ್ಲನ್ ಟೋಪಿ ಹೆಣೆಯಲು ಕೂತವಳಿಗೆ ಒಂದು ಟೋಪಿಗೇ ಹಸಿರು ದಾರ ಮುಗಿದುಹೋಯಿತು. ಇನ್ನೊಂದನ್ನು ಕೆಂಪು ದಾರದಲ್ಲಿ ಹೆಣೆದಳು. ಹಸಿರು ಟೋಪಿಯ ಹುಡುಗ ಮೈದಾನದಲ್ಲಿ ಹಸಿರು ಅಂಗಿಯ ಮಿಲ್ಲಿನವರ ಕಡೆ ಕೂತ, ಕೆಂಪು ಟೋಪಿಯವನು ಕೆಂಪು ಅಂಗಿಯ ರೈಲ್ವೆಯವರ ಕಡೆ. ಅಷ್ಟೇ. ಟೋಪಿಗಳು ಹರಿದು ಚಿಂದಿಯಾಗಿ ನಲವತ್ತು ವರ್ಷ ಕಳೆದರೂ ಇಬ್ಬರೂ ಕೂತ ಕಡೆಯಿಂದ ಏಳಲಿಲ್ಲ.

ಆ ಅಜ್ಜಿ ತೀರಿಕೊಂಡ ದಿನ ದೊಡ್ಡಪ್ಪ ಡ್ಯೂಟಿಯಲ್ಲಿದ್ದರು. ಫೋನು ಬಂದಾಗ ಬಸ್ಸು ಅರ್ಧ ದಾರಿಯಲ್ಲಿತ್ತು, ಅದರಲ್ಲಿ ಅರವತ್ತು ಜನರಿದ್ದರು. ಕೊನೆಯ ಸ್ಟಾಪಿನವರೆಗೂ ಓಡಿಸಿ, ಬೀಗದ ಕೈ ಒಪ್ಪಿಸಿ, ಅವರು ಮನೆಗೆ ಬರುವಷ್ಟರಲ್ಲಿ ಅಜ್ಜಿಯ ಕಣ್ಣು ಮುಚ್ಚಿ ಮುಕ್ಕಾಲು ಗಂಟೆಯಾಗಿತ್ತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಕೇಳಿದ್ದು ಎರಡೇ ಮಾತು: “ಟ್ರಿಪ್ ಮುಗೀತಾ?”

ಅದಾಗಿ ಐದು ವರ್ಷ. ಅಣ್ಣ ತಮ್ಮಂದಿರ ನಡುವೆ ಮನೆಯ ಮಾತಿಲ್ಲ, ಮಕ್ಕಳ ಮಾತಿಲ್ಲ, ಮೈಗೆ ಹುಷಾರಿದೆಯಾ ಎಂಬ ಮಾತೂ ಇಲ್ಲ. ಫುಟ್‌ಬಾಲು ಮಾತ್ರ. ವರ್ಷಕ್ಕೆರಡು ಸಲ ಮಿಲ್ಲಿಗೂ ರೈಲ್ವೆಗೂ ಪಂದ್ಯ, ಮುಂಚಿನ ಎಂಟು ವಾರ ಕೊಚ್ಚಿಕೊಳ್ಳುವುದು, ಅನಂತರದ ಹದಿನೆಂಟು ವಾರ ಚುಚ್ಚುವುದು. ಇಡೀ ವರ್ಷ ಹಾಗೇ ತುಂಬಿಹೋಗುತ್ತಿತ್ತು. ಪುಟ್ಟಿಗೆ ಇದು ಗೊತ್ತಿತ್ತು. ಆ ಪಂದ್ಯವೊಂದು ಇಲ್ಲವಾದರೆ ದೊಡ್ಡಪ್ಪನಿಗೆ ರಸ್ತೆ ದಾಟಲು ನೆಪವಿರುವುದಿಲ್ಲ.

ಆದ್ದರಿಂದ ಪೋಸ್ಟ್‌ಮ್ಯಾನು ಆ ಬುಧವಾರ ಪೇಪರು ಹಿಡಿದು ಒಳಗೆ ಬಂದಾಗ ಅವಳ ಪೆನ್ನು ನಿಂತಿತು.

“ಡಾಕ್ಟ್ರೇ, ಓದಿದ್ರಾ?” ಪೋಸ್ಟ್‌ಮ್ಯಾನು ಅಪ್ಪನನ್ನು ಕರೆಯುತ್ತಿದ್ದುದೇ ಹಾಗೆ. “ಲೀಗಿನ ಎರಡನೇ ವಿಭಾಗ ಎರಡು ಭಾಗ ಆಗುತ್ತಂತೆ. ರೈಲು ಹಳಿಯಿಂದ ಈಚೆ ಪೂರ್ವ, ಆಚೆ ಪಶ್ಚಿಮ. ಈಚೆಯವರು ಈಚೆಯವರ ಜೊತೆ ಆಡ್ಕೋಬೇಕು. ಕಪ್ ಟೂರ್ನಿನೂ ಅಷ್ಟೇ, ಇನ್ಮೇಲೆ ಬರೀ ಮೇಲಿನ ಹನ್ನೆರಡು ತಂಡಕ್ಕೆ.”

“ಅಂದ್ರೆ ನಾವು?” ಎಂದರು ಅಪ್ಪ.

“ನೀವು ಪೂರ್ವ. ಅವ್ರು ಪಶ್ಚಿಮ. ಮುಖ ಮುಖ ನೋಡೋ ಹಾಗಿಲ್ಲ.”

ಅಪ್ಪ ಲೆನ್ಸನ್ನು ಮತ್ತೆ ಯಂತ್ರಕ್ಕೆ ಒಡ್ಡಿದರು. ಆಮೇಲೆ ದೊಡ್ಡಪ್ಪ ಹೇಳಿದರು, “ಒಳ್ಳೇದಾಯ್ತು ಬಿಡೋ. ನಿಮ್ಮನ್ನ ಸೋಲಿಸಿ ಸೋಲಿಸಿ ನಮ್ಮ ಹುಡುಗ್ರಿಗೂ ಸುಸ್ತಾಗಿತ್ತು.”

“ಹೌದೌದು. ಹೋದ್ಸಲ ನಿಮ್ಮ ಗೋಲ್‌ಕೀಪರು ಬಾಲಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿದ್ನಲ್ಲ, ಆ ಸುಸ್ತಿಗೇ ಇರ್ಬೇಕು.”

ಮಾತು ಎಂದಿನದೇ. ದನಿಯಲ್ಲಿ ಮಾತ್ರ ಗಾಳಿ ಇಳಿದಿತ್ತು.

ಅಭಿಮಾನಿಗಳು ಅಭಿಪ್ರಾಯ ಕಳಿಸಬಹುದು, ಬರುವ ಶುಕ್ರವಾರ ಸಂಜೆ ಐದರವರೆಗೆ ಗಡುವು ಎಂದು ಲೀಗು ನಡೆಸುವ ಒಕ್ಕೂಟದವರು ಪೇಪರಿನಲ್ಲೇ ಹಾಕಿಸಿದ್ದರು. ಎರಡೂ ತಂಡದವರು ಸೇರಿ ಬರೆದರೆ ತೂಕ ಹೆಚ್ಚು ಎಂದು ಪೋಸ್ಟ್‌ಮ್ಯಾನು ಸೂಚಿಸಿದ. ಬರೆಯುವ ಕೆಲಸ ಪುಟ್ಟಿಯ ತಲೆಗೆ ಬಂತು. ಮೊದಲ ಸಾಲಿಗೇ ಬಂಡಿ ಹೂತುಕೊಂಡಿತು.

“ಮಿಲ್ ಮತ್ತು ರೈಲ್ವೆ ತಂಡಗಳ ಅಭಿಮಾನಿಗಳಾದ ನಾವು…” ಎಂದು ಅವಳು ಮೆಲ್ಲಗೆ ಓದಿದಳು.

“ಮಿಲ್ ಯಾಕಮ್ಮಾ ಮೊದ್ಲು?” ಎಂದರು ದೊಡ್ಡಪ್ಪ.

“ಅಕಾರಾದಿ, ದೊಡ್ಡಪ್ಪಾ.”

“ಆ ಅಕಾರಾದಿ ಮಾಡಿದವ್ನೂ ಮಿಲ್ಲಿನವನೇ ಇರ್ಬೇಕು.”

ಅದನ್ನು ಹೇಗೋ ನುಂಗಿಕೊಂಡರು. ಎರಡನೆಯ ಸಾಲು ಗಂಟಲಲ್ಲಿ ಇಳಿಯಲಿಲ್ಲ. ಈ ಎರಡು ತಂಡಗಳಲ್ಲಿ ಯಾರು ಎಷ್ಟು ಸಲ ಗೆದ್ದಿದ್ದಾರೆ ಎಂದು ಬರೆಯಬೇಕಿತ್ತು. ಮೂವತ್ತೊಂದು–ಮೂವತ್ತೊಂದು ಎಂದರು ಅಪ್ಪ. ರೈಲ್ವೆ ಮೂವತ್ತೊಂದು, ಮಿಲ್ ಮೂವತ್ತು ಎಂದರು ದೊಡ್ಡಪ್ಪ. ಆ ಒಂದರ ವ್ಯತ್ಯಾಸ ಇಪ್ಪತ್ತೆರಡು ವರ್ಷ ಹಳೆಯದು. ಅಂದು ಎಂಬತ್ತೊಂದನೆಯ ನಿಮಿಷಕ್ಕೆ ಮಿಲ್ಲಿನವರು ಗೋಲು ಹೊಡೆದರು, ಜನ ಎದ್ದು ಕೂಗುತ್ತಿದ್ದಂತೆ ಮೈದಾನದ ಲೈಟೆಲ್ಲ ಹೋಯಿತು. ಮತ್ತೆ ಬರಲಿಲ್ಲ.

“ಗೋಲ್ ಗೋಲೇ. ಲೈಟು ಇದ್ರೂ ಗೋಲು, ಹೋದ್ರೂ ಗೋಲು.”

“ಮುಗೀದೇ ಇರೋ ಪಂದ್ಯಾನ ಗೆದ್ದೆ ಅಂತೀಯಲ್ಲೋ, ನಾಚಿಕೆ ಆಗಲ್ವಾ?”

“ಒಂಬತ್ತು ನಿಮಿಷದಲ್ಲಿ ನಿಮ್ಮೋರು ಏನು ಕಡಿದು ಗುಡ್ಡೆ ಹಾಕ್ತಿದ್ರು?”

ಎದುರಿಗೆ ಹಾರ್ನು ಕೇಳಿಸಿತು, ಕಂಡಕ್ಟರು ಕರೆಯುತ್ತಿದ್ದ. ಮೂರೂ ಇಪ್ಪತ್ತೈದು. ದೊಡ್ಡಪ್ಪ ಒಂದು ಹಾರ್ನಿಗೇ ಎದ್ದುಬಿಡುವ ಮನುಷ್ಯ. ಹೊರಡುತ್ತಾ, “ಪುಟ್ಟೀ, ಸುಳ್ಳು ನಂಬರು ಹಾಕಿದ್ರೆ ನನ್ನ ಹೆಸರು ತೆಗೆದುಬಿಡು” ಎಂದರು. ಅವರು ಬಾಗಿಲು ದಾಟಿದ ಮೇಲೆ ಅಪ್ಪ, “ನಂದೂ” ಎಂದರು.

ಗುರುವಾರ ಪುಟ್ಟಿ ಲೈಬ್ರರಿಗೆ ಹೋದಳು. ಹಳೆಯ ಪೇಪರುಗಳ ದಪ್ಪ ಸಂಪುಟಗಳನ್ನು ಎರಡು ಗಂಟೆ ಮಗುಚಿದಳು. ಮೂಗಿನೊಳಗೆಲ್ಲ ಧೂಳು. ಪಂದ್ಯ ನಡೆದು ಹನ್ನೊಂದು ದಿನದ ಮೇಲೆ, ಕೊನೆಯ ಪುಟದ ಮೂಲೆಯಲ್ಲಿ ಸುದ್ದಿ ಸಿಕ್ಕಿತು. ನಾಲ್ಕೇ ಸಾಲು. ಲೈನ್ಸ್‌ಮನ್ ಆಫ್‌ಸೈಡಿಗೆ ಬಾವುಟ ಎತ್ತಿದ್ದರಿಂದ ಮಿಲ್ಲಿನ ಗೋಲು ರದ್ದಾಗಿತ್ತು. ಕತ್ತಲಲ್ಲಿ ಅದು ಯಾರಿಗೂ ಕಾಣಲಿಲ್ಲ. ಪಂದ್ಯವನ್ನು ಸೊನ್ನೆ–ಸೊನ್ನೆ ಸಮವೆಂದು ಒಕ್ಕೂಟ ತೀರ್ಮಾನಿಸಿದೆ.

ಅವಳು ಆ ಸಾಲುಗಳನ್ನು ಚೀಟಿಯಲ್ಲಿ ಇಳಿಸಿಕೊಂಡಳು. ಲೆಕ್ಕ ದೊಡ್ಡಪ್ಪನ ಕಡೆಗಿತ್ತು. ಆದರೆ ಇಲ್ಲದ ಗೋಲಿಗಾಗಿ ಇಬ್ಬರೂ ಇಪ್ಪತ್ತೆರಡು ವರ್ಷ ಕಿತ್ತಾಡಿದ್ದರು. ಅಂಗಡಿಗೆ ವಾಪಸು ನಡೆಯುವಾಗ ಅವಳಿಗೆ ಗೆಲುವೇನೂ ಅನಿಸಲಿಲ್ಲ. ಇದನ್ನು ಹೇಳಿದರೆ ಅಪ್ಪ ಸುಮ್ಮನಾಗುತ್ತಾರೆ. ಆ ಮನೆತನದಲ್ಲಿ ಸುಮ್ಮನಾದವರು ಎಷ್ಟು ವರ್ಷ ಸುಮ್ಮನಿರಬಲ್ಲರೆಂದು ಅವಳು ನೋಡಿದ್ದಳು. ಅಂಗಡಿಯಲ್ಲಿ ಯಾರೂ ಬಂದು ಒಯ್ಯದೆ ಉಳಿದ ಕನ್ನಡಕಗಳ ಡ್ರಾಯರು ಒಂದಿತ್ತು. ಚೀಟಿಯನ್ನು ಮಡಚಿ ಅದರಲ್ಲಿನ ಒಂದು ಡಬ್ಬಿಯೊಳಗೆ ಇಟ್ಟಳು.

ಶುಕ್ರವಾರ ಐದಕ್ಕೆ ಹದಿನೈದು ನಿಮಿಷವಿದ್ದಾಗ ಎರಡನೆಯ ಸಾಲನ್ನು ಅವಳೇ ಬರೆದಳು: “ಯಾರು ಹೆಚ್ಚು ಗೆದ್ದಿದ್ದಾರೆ ಎಂಬುದು ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕಾಗಿಯೇ ಈ ತಂಡಗಳು ಮತ್ತೆ ಮತ್ತೆ ಆಡಬೇಕು.” ಅಪ್ಪನಿಗೆ ಓದಿ ಹೇಳಿದಳು. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ನಂಬರಿಲ್ಲ ಅಂದ್ರೆ ಅವನೂ ತಕರಾರು ಮಾಡಲ್ಲ” ಎಂದರು. ಅವಳು ಫೋನಿನಲ್ಲಿ ಕಳಿಸುವ ಗುಂಡಿ ಒತ್ತಿದಳು. ನಿಮ್ಮ ಅಭಿಪ್ರಾಯ ತಲುಪಿದೆ, ಕ್ರಮಸಂಖ್ಯೆ ನಾಲ್ಕು ಸಾವಿರದ ನೂರಾ ಹದಿನಾರು, ಎಂದು ಪರದೆಯ ಮೇಲೆ ಉತ್ತರ ಬಂತು. ಒಕ್ಕೂಟದಿಂದ ಬಂದ ಉತ್ತರ ಅದೊಂದೇ.

ಎರಡು ತಿಂಗಳಲ್ಲಿ ತೀರ್ಮಾನ ಪೇಪರಿನಲ್ಲಿ ಬಂತು. ಹಳಿಯ ಈಚೆ ಪೂರ್ವ, ಆಚೆ ಪಶ್ಚಿಮ. ಪೋಸ್ಟ್‌ಮ್ಯಾನು ಕೂಡ ಅದನ್ನು ಗಟ್ಟಿಯಾಗಿ ಓದಲಿಲ್ಲ. ಮೇಜಿನ ಮೇಲೆ ಇಟ್ಟು, ಟಪಾಲು ಕೊಟ್ಟು, ಹೋದ.

ಹೊಸ ಋತು ಶುರುವಾಯಿತು. ಮೊದಲ ಬುಧವಾರ ದೊಡ್ಡಪ್ಪ ಬಂದರು. ರೈಲ್ವೆಯವರು ಯಾವುದೋ ಹೆಸರು ಕೇಳದ ತಂಡದೊಂದಿಗೆ ಎರಡು–ಒಂದರಲ್ಲಿ ಗೆದ್ದಿದ್ದರು. ಅಪ್ಪ “ಹೂಂ” ಎಂದರು. ಮಿಲ್ಲಿನವರು ಸಿಮೆಂಟು ಕಾರ್ಖಾನೆಯವರ ಜೊತೆ ಡ್ರಾ ಮಾಡಿಕೊಂಡಿದ್ದರು. ದೊಡ್ಡಪ್ಪ “ಹೌದಾ” ಎಂದರು. ಗೊತ್ತಿಲ್ಲದವರನ್ನು ಬಯ್ಯುವುದಾದರೂ ಹೇಗೆ? ಎರಡನೆಯ ವಾರ ಅವರು ಹತ್ತೇ ನಿಮಿಷ ಕೂತರು. ಮೂರನೆಯ ವಾರ ಬರಲಿಲ್ಲ. ಬಸ್ಸು ಎದುರಿಗೇ ನಿಂತಿತ್ತು, ಸ್ಟೀರಿಂಗಿನ ಹಿಂದೆ ಅವರ ತಲೆ ಕಾಣುತ್ತಿತ್ತು. ಅಪ್ಪ ಒಂದೇ ಲೆನ್ಸನ್ನು ನಾಲ್ಕು ಸಲ ಒರೆಸಿದರು.

ನಾಲ್ಕನೆಯ ವಾರ ಬಂದರು. ಕುರ್ಚಿ ಹತ್ತಲಿಲ್ಲ, ಬಾಗಿಲ ಹತ್ತಿರವೇ ನಿಂತರು.

“ಬಸ್ಸಿನ ಪಾಳಿ ಬದಲಾಯಿಸ್ತೀವಿ ಅಂತಿದಾರೆ ಆಫೀಸಿನಲ್ಲಿ,” ಎಂದರು, ಫಲಕದ ಅಕ್ಷರಗಳನ್ನು ನೋಡುತ್ತಾ. “ನಂಗೂ ಬುಧವಾರ ಇಲ್ಲೇ ಆಗ್ಬೇಕು ಅಂತೇನಿಲ್ಲ. ಹೂಂ ಅಂದ್ಬಿಡೋಣ ಅಂತ.”

“ನಿನ್ನಿಷ್ಟ,” ಎಂದರು ಅಪ್ಪ. ತಲೆ ಎತ್ತಲಿಲ್ಲ.

ದೊಡ್ಡಪ್ಪ ಹೊಸ್ತಿಲಿಗೆ ಕಾಲಿಟ್ಟರು. ಚೀಟಿಯಿದ್ದ ಡ್ರಾಯರು ಪುಟ್ಟಿಯ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ಅವಳು ತೆಗೆಯಲಿಲ್ಲ.

“ದೊಡ್ಡಪ್ಪಾ,” ಎಂದಳು. ಅಂಗಡಿಯಲ್ಲಿ ಅವಳ ದನಿ ಅವಳಿಗೇ ಹೊಸದಾಗಿತ್ತು. “ಲೈಟು ಹೋದ ದಿನ… ಲೈನ್ಸ್‌ಮನ್ ಬಾವುಟ ಎತ್ತಿದ್ನಾ?”

ಇಬ್ಬರೂ ಅವಳ ಕಡೆ ತಿರುಗಿದರು.

“ಯಾವ ಬಾವುಟ?” ಎಂದರು ಅಪ್ಪ.

“ಆಫ್‌ಸೈಡ್ ಇದ್ದಿರಬಹುದಲ್ವಾ? ಯಾರಾದ್ರೂ ನೋಡಿದ್ರಾ?”

ದೊಡ್ಡಪ್ಪ ಹೊಸ್ತಿಲಿನಿಂದ ಕಾಲು ತೆಗೆದರು. “ಅರೆ! ಅದು ನಂಗೆ ಹೊಳೆದೇ ಇರ್ಲಿಲ್ಲ ನೋಡು. ಆ ಹನ್ನೊಂದನೇ ನಂಬರಿನವ್ನು ನಮ್ಮೋರ ಹಿಂದೇನೇ ನಿಂತಿದ್ದ!”

“ನೀನೆಲ್ಲಿ ನೋಡಿದ್ದೆ? ನಾನು ಆ ಗೆರೆಗೆ ಸರಿಯಾಗಿ ಕೂತಿದ್ದೆ.”

“ನೀನು ಕೂತಿರ್ಲಿಲ್ಲ, ಎದ್ದು ಕುಣೀತಿದ್ದೆ. ಅಮ್ಮ ನಿನ್ನ ಅಂಗಿ ಹಿಡಿದು ಎಳೆದು ಕೂರಿಸಿದ್ಳು.”

ಐದು ವರ್ಷದಲ್ಲಿ ಆ ಅಂಗಡಿಯೊಳಗೆ ಅಜ್ಜಿಯ ಮಾತು ಬಂದಿದ್ದು ಅದೇ ಮೊದಲು. ದೊಡ್ಡಪ್ಪನಿಗೂ ಅದು ತಡವಾಗಿ ತಿಳಿದಂತೆ ಕಂಡಿತು. ಕುರ್ಚಿಯ ಕೈ ಹಿಡಿದುಕೊಂಡರು.

“ಅವತ್ತು ಅವ್ಳೂ ಬಂದಿದ್ಳು, ಅಲ್ವಾ,” ಎಂದರು ಅಪ್ಪ, ಕೊನೆಗೆ.

“ಅವಳಿಗೋಸ್ಕರ ಅವತ್ತೊಂದಿನ ಒಂದೇ ಕಡೆ ಕೂತಿದ್ವಿ, ನಮ್ಮಿಬ್ರ ಮಧ್ಯೆ ಅವ್ಳು. ಲೈಟು ಹೋದಾಗ ಇಬ್ರ ಕೈನೂ ಹಿಡ್ಕೊಂಡಿದ್ಳು, ಎಲ್ಲಿ ಕಳೆದುಹೋಗ್ತೀವೋ ಅಂತ. ನಂಗೆ ಆಗ್ಲೇ ಮೂವತ್ತೈದು ದಾಟಿತ್ತು.”

ಅಪ್ಪ ಯಂತ್ರ ನಿಲ್ಲಿಸಿದರು. ಎದುರಿಗೆ ಹಾರ್ನು ಕೇಳಿಸಿತು. ದೊಡ್ಡಪ್ಪ ಏಳಲಿಲ್ಲ, ಅವರು ಯಾವಾಗ ಕುರ್ಚಿ ಹತ್ತಿ ಕೂತಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಹಾರ್ನು ಕೇಳಿಸಿತು.

“ಇರ್ಲಿ, ಒಂದ್ನಿಮಿಷ,” ಎಂದರು.

ಅಪ್ಪ ಗಡಿಯಾರ ನೋಡಿದರು. ಮೂರೂ ಇಪ್ಪತ್ತೇಳು. ಅವರ ದನಿ ತಗ್ಗಿತ್ತು.

“ಹೋಗಣ್ಣಾ,” ಎಂದರು. “ಜನ ಕಾಯ್ತಿದಾರೆ. ಟ್ರಿಪ್ ಮುಗಿಸ್ಕೊಂಡು ಬಾ.”

ದೊಡ್ಡಪ್ಪ ನಿಧಾನವಾಗಿ ಇಳಿದರು. ಬಾಗಿಲಲ್ಲಿ ತಿರುಗಿ, “ಆಫ್‌ಸೈಡೇ ಅದು,” ಎಂದು ಹೇಳಿ ರಸ್ತೆ ದಾಟಿದರು.