ಬಾನೆಟ್ಟಿನ ಏಣು

ಶಿವರಾತ್ರಿ ಕಳೆದು ಹತ್ತು ದಿನವೂ ಆಗಿರಲಿಲ್ಲ, ಬಿಸಿಲು ಆಗಲೇ ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನ ತಗಡನ್ನು ಕಾಯಿಸಿಬಿಟ್ಟಿತ್ತು. ಯೋಗರಾಜ ಒಂದು ಹಳೇ ಫಿಯೆಟ್ಟಿನ ಬಾಗಿಲಿಗೆ ಚೊಂಬಿನಿಂದ ನೀರು ಸುರಿದುಕೊಳ್ಳುತ್ತ ಎಮರಿ ಕಾಗದದಿಂದ ಉಜ್ಜುತ್ತಿದ್ದ. ಬಿಟ್ಟುಬಂದ ಬಣ್ಣ ಮಜ್ಜಿಗೆಯ ಹಾಗೆ ಮೊಣಕೈವರೆಗೂ ಇಳಿದಿತ್ತು. ಬೆಳಗ್ಗೆ ಎಂಟರ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡುವಾಗ ಭಾವ ಹೂವಪ್ಪ ಹೇಳಿಹೋಗಿದ್ದು ಎರಡೇ ಮಾತು. ಬಾಗಿಲನ್ನು ನೆರಳಲ್ಲೇ ಒಣಗಿಸು, ಊಟದ ಹೊತ್ತಿಗೆ ಬಂದುಬಿಡ್ತೀನಿ. ಎರಡು ವರ್ಷದಿಂದ ತರ್ತೀನಿ ತರ್ತೀನಿ ಅನ್ನುತ್ತಿದ್ದ ಪಾಲಿಶ್ ಮೆಷಿನ್ನನ್ನು ಆರಿಸಿ ತರಲು ಅವನು ಹೋಗಿದ್ದು.

ಹನ್ನೊಂದೂವರೆಯ ಸುಮಾರಿಗೆ ಎದುರಿನ ಎಸ್‌ಟಿಡಿ ಬೂತಿನ ಓಂಕಾರಪ್ಪ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಬೂತು ಬಿಟ್ಟು ಅಲ್ಲಾಡುವ ಮನುಷ್ಯನಲ್ಲ ಅವನು. ಯಾರಿಗಾದರೂ ಫೋನು ಬಂದರೆ ಕೂತಲ್ಲಿಂದಲೇ ಕೂಗು ಹಾಕುವವನು. ಈಗ ಬಂದವನು ಒಳಗೂ ಕಾಲಿಡದೆ, ಹೊರಗೂ ಹೋಗದೆ ನಿಂತಿದ್ದ.

"ಯೋಗರಾಜ, ಕೈ ತೊಳ್ಕೋ" ಅಂದ.

"ಯಾಕೆ?"

"ತೊಳ್ಕೋ ಮಾರಾಯ, ಹೇಳ್ತೀನಿ."

ಹೇಳಿದ್ದನ್ನು ಯೋಗರಾಜ ಪೂರ್ತಿ ಕೇಳಿದ. ಶಿವಮೊಗ್ಗದ ಪೇಂಟ್ ಅಂಗಡಿಯಿಂದ ಭೈರಪ್ಪ ಅನ್ನುವವರು ಫೋನು ಮಾಡಿದ್ದರು. ಹೂವಪ್ಪ ಅಂಗಡಿಯಲ್ಲೇ ಕುಸಿದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತಂತೆ. ವ್ಯಾನು ಮಾಡಿಕೊಂಡು ತಾವೇ ತರುತ್ತೇವೆ ಅಂದರಂತೆ. ಕೇಳಿ, ಸರಿ ಅನ್ನುವ ಹಾಗೆ ತಲೆಯಾಡಿಸಿ, ಯೋಗರಾಜ ಮತ್ತೆ ಬಾಗಿಲ ಕಡೆ ತಿರುಗಿ ಉಜ್ಜತೊಡಗಿದ. ನೀರು ಹಾಕಿಕೊಳ್ಳಲಿಲ್ಲ. ಒಂದೇ ಕಡೆ ಉಜ್ಜುತ್ತಿದ್ದ. ಓಂಕಾರಪ್ಪ ಬಂದು ರಟ್ಟೆ ಹಿಡಿಯುವ ಹೊತ್ತಿಗೆ ಬಣ್ಣ, ಅದರ ಕೆಳಗಿನ ಪ್ರೈಮರು ಎರಡೂ ಹೋಗಿ ಅಂಗೈಯಗಲದ ತಗಡು ಬೆಳ್ಳಗೆ ಕಾಣುತ್ತಿತ್ತು.

ಹೂವಪ್ಪನಿಗೆ ಐವತ್ತು ತುಂಬಿರಲಿಲ್ಲ. ಒಂದು ದಿನ ಜ್ವರ ಅಂತ ಮಲಗಿದವನಲ್ಲ.

*

ವ್ಯಾನು ಓಲ್ಡ್ ಟೌನಿನ ಮನೆ ಮುಂದೆ ನಿಂತಾಗ ಎರಡು ಗಂಟೆ. ಹೂವಪ್ಪನ ಹೆಂಡತಿ ಶಾಂತಮ್ಮ ಅಳಲಿಲ್ಲ. ಗಂಡನಿಗೆಂದು ಮುಚ್ಚಿಟ್ಟಿದ್ದ ಸಾರಿನ ಪಾತ್ರೆಯನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು. ಅದನ್ನು ಎಲ್ಲಿ ಇಡಬೇಕೆಂದು ತೋಚದೆ ನಿಂತಳು. ಪಕ್ಕದ ಮನೆಯ ಜಗದಾಂಬಾ ಬಂದು ಪಾತ್ರೆಯನ್ನು ಈಸಿಕೊಂಡ ಮೇಲೆಯೇ ಅವಳ ಬಾಯಿಂದ ದನಿ ಹೊರಟಿದ್ದು.

ಸೇರಿದವರು ಸಣ್ಣ ದನಿಯಲ್ಲಿ ಅದನ್ನೇ ಮತ್ತೆ ಮತ್ತೆ ಆಡಿಕೊಂಡರು. ಬೆಳಗ್ಗೆ ನನ್ನ ಹತ್ತಿರ ಬೀಡಿಗೆ ಬೆಂಕಿ ಇಸ್ಕೊಂಡ್ರು ಅಂದರು ಒಬ್ಬರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ರು, ಕಿಟಕಿ ಗಾಜಿನ ಗೀರು ತೋರಿಸಿ ಇದನ್ನ ಹೀಗ್ ಹೀಗೆ ತೆಗೀಬಹುದು ಅಂತಿದ್ರು ಅಂದರು ನ್ಯೂ ಟೌನಿನಿಂದ ಬಂದ ಇನ್ನೊಬ್ಬರು. ಮಕ್ಕಳಿಲ್ಲದ ಮನೆ, ಕಾರ್ಯ ಹಿಡಿಯಬೇಕಾದವನು ಶಾಂತಮ್ಮನ ತಮ್ಮ ಯೋಗರಾಜನೇ ಎಂದು ಯಾರೂ ಕೇಳದೆಯೇ ತೀರ್ಮಾನವಾಯಿತು. ಸಂಜೆ ಐದಕ್ಕೆ ಮಣ್ಣು ಅಂತಲೂ ಆಯಿತು.

ಮೂರಕ್ಕೆ ರೈಸ್ ಮಿಲ್ಲಿನ ಷಡಕ್ಷರಪ್ಪನವರು ಬಂದರು. ಅವರ ಕಪ್ಪು ಅಂಬಾಸಿಡರ್ ಬಾಗಿಲೆದುರು ಬಿಸಿಲಲ್ಲಿ ನಿಂತಿತು. ಬಾನೆಟ್ಟಿನ ನಟ್ಟನಡುವೆ ಉಬ್ಬಿನಿಂತ ಏಣಿನ ಮೇಲೆ ಗೇಣುದ್ದದ ಬೂದು ಗೆರೆ. ಯೋಗರಾಜ ಆ ಕಡೆ ನೋಡಲಿಲ್ಲ. ನೋಡದೆಯೂ ಅದು ಕಾಣುತ್ತಿತ್ತು. ಯಾರಾದರೂ ಇದೇನು ಸಾವ್ಕಾರ್ರೆ ಅಂದರೆ ಷಡಕ್ಷರಪ್ಪನವರು, ಅದು ಹೂವಪ್ಪನ ಸಹಿ ಕಣಯ್ಯ, ಅನ್ನುತ್ತಿದ್ದರು. ಎರಡು ವರ್ಷ ಹೀಗೆ ಹೇಳಿಕೊಂಡೇ ಓಡಾಡಿದ್ದರು. ಅಷ್ಟರಲ್ಲಿ ಶೆಡ್ಡಿಗೆ ಒಳ್ಳೆಯ ಕಾರುಗಳು ಬರುವುದು ನಿಂತು, ಲಾರಿಯ ಹಿಂಬದಿ ಹಲಗೆ, ಆಟೋದ ಮಡ್‌ಗಾರ್ಡು, ಎಲ್ಲೋ ಒಂದು ಹಳೇ ಕಾರು ಮಾತ್ರ ಉಳಿದವು.

ಅವರು ಹೆಣಕ್ಕೆ ಹಾರ ಹಾಕಿ, ಹೊರಗಿನ ಬೆಂಚಿನ ಮೇಲೆ ಕೂತು, ಕೆಟ್ಟ ಮನಸ್ಸಿಲ್ಲದೆ, ನಿಜವಾದ ಮರುಕದಿಂದಲೇ ಹೇಳಿದರು: "ಒಳ್ಳೇ ಮನುಷ್ಯ. ಕಣ್ಣು ಕೈಕೊಡದೆ ಇದ್ದಿದ್ರೆ ಇಂಥ ಇನ್ನೊಬ್ಬ ಪೇಂಟರ್ ಜಿಲ್ಲೇಲಿ ಇರ್ತಿರ್ಲಿಲ್ಲ."

ಹೌದು ಹೌದು ಎಂದರು ಸುತ್ತಲಿದ್ದವರು. ಯೋಗರಾಜ ನೆಲ ನೋಡುತ್ತಿದ್ದ.

*

ಎರಡು ವರ್ಷದ ಹಿಂದಿನ ಆಯುಧಪೂಜೆಯ ಮುಂಚಿನ ವಾರ. ಯೋಗರಾಜ ಫ್ಯಾಕ್ಟರಿಯಲ್ಲಿ ಎಂಟು ವರ್ಷ ಕಂಟ್ರಾಕ್ಟ್ ಮೇಲೆ ಎರಕದ ಕಬ್ಬಿಣದ ಅಂಚಿಗೆ ಉಳಿದ ಮುಳ್ಳು ಉಜ್ಜುವ ಕೆಲಸ ಮಾಡಿದವನು. ಕಂಟ್ರಾಕ್ಟು ಮುಗಿದು ಮನೆಯಲ್ಲಿ ಕೂತಾಗ, ಬಾ, ಬಣ್ಣ ಕಲ್ತ್ಕೋ, ಅಂತ ಕರೆದವನು ಭಾವ. ಬರುವಾಗ ಯೋಗರಾಜ ತಂದದ್ದು ಕಬ್ಬಿಣ ಉಜ್ಜುವ ತನ್ನ ಸ್ವಂತದ ಒಂದು ಗ್ರೈಂಡರು.

ಷಡಕ್ಷರಪ್ಪನವರ ಕಾರಿಗೆ ಹೂವಪ್ಪ ಮೂರು ಕೋಟು ಕಪ್ಪು ಹೊಡೆದಿದ್ದ. ನೆರಳಲ್ಲಿಟ್ಟರೆ ಬಣ್ಣದಲ್ಲಿ ಮುಖ ಕಾಣುತ್ತಿತ್ತು, ಬಿಸಿಲಿಗೆ ತಂದರೆ ಮಾತ್ರ ಜೇಡರ ಬಲೆಯಂಥ ಸಣ್ಣ ಗೆರೆಗಳು. ಕಪ್ಪು ಏನನ್ನೂ ಮುಚ್ಚಿಡುವುದಿಲ್ಲ. ಬಟ್ಟೆಗೆ ಕಂಪೌಂಡು ಅನ್ನುವ ಉಜ್ಜುವ ಲೇಪ ಹಚ್ಚಿ ಕೈಯಲ್ಲೇ ಉಜ್ಜಿ ಆ ಗೆರೆ ಇಳಿಸಬೇಕೆಂದರೆ ಮೂರು ದಿನ. ಗ್ರೈಂಡರಿಗೆ ಉಣ್ಣೆಯ ಟೊಪ್ಪಿ ಕಟ್ಟಿದರೆ ಒಂದು ಗಂಟೆಯ ಕೆಲಸ ಅಂದ ಯೋಗರಾಜ. ಬೇಡ, ಅದು ಕಬ್ಬಿಣಕ್ಕೆ ತಿರುಗೋ ವೇಗ, ಬಣ್ಣ ಅಂದ್ರೆ ಈರುಳ್ಳಿ ಸಿಪ್ಪೆ, ಅಂದ ಹೂವಪ್ಪ. ಅಂದು, ಊಟಕ್ಕೆ ಹೋದ.

ಯೋಗರಾಜ ಟೊಪ್ಪಿ ಕಟ್ಟಿದ. ಬಾನೆಟ್ಟಿನ ಬಲಭಾಗ ಕನ್ನಡಿಯ ಹಾಗೆ ಬಂತು. ಧೈರ್ಯ ಬಂತು. ನಡುವಿನ ಏಣಿಗೆ ಬಂದಾಗ ಎಂಟು ವರ್ಷದ ಅಭ್ಯಾಸ ಕೈಯನ್ನು ತಾನಾಗಿ ಒತ್ತಿತು. ಕಬ್ಬಿಣದಲ್ಲಿ ಏಣು ಕಂಡಲ್ಲಿ ಒತ್ತಬೇಕು. ಬಣ್ಣದಲ್ಲಿ ಏಣು ಕಂಡಲ್ಲಿ ಕೈ ಎತ್ತಬೇಕು. ಒಂದು, ಎರಡು ಅಂತ ಎಣಿಸುವಷ್ಟು ಹೊತ್ತು, ಅಷ್ಟೆ. ಕೂದಲು ಸುಟ್ಟಂಥ ವಾಸನೆ ಬಂತು. ಕೆಳಗಿನ ಬೂದು ಪ್ರೈಮರು ಗೇಣುದ್ದ ಎದ್ದುಬಂತು.

ಅವನು ಅದರ ಮೇಲೆ ಕಪ್ಪು ಬೂಟ್ ಪಾಲಿಶ್ ತಿಕ್ಕಿ, ವ್ಯಾಕ್ಸ್ ಹಚ್ಚಿದ. ಗ್ರೈಂಡರನ್ನು ಗೋಣಿಚೀಲದಲ್ಲಿ ಸುತ್ತಿಟ್ಟ. ಉಳಿದರ್ಧ ಬಾನೆಟ್ಟನ್ನು ಹೂವಪ್ಪ, ಮೊದಲರ್ಧ ಅಷ್ಟು ಬೇಗ ಹೇಗಾಯಿತೆಂದು ಕೇಳದೆಯೇ, ಎರಡು ದಿನ ಕೂತು ಕೈಯಲ್ಲೇ ಉಜ್ಜಿದ. ಕಾರು ಹೋಯಿತು. ಮೊದಲ ಸಲ ತೊಳೆಯುತ್ತಲೇ ವಾಪಸ್ಸು ಬಂತು.

ಇದು ಹೇಗಾಯ್ತು ಅಂತ ಷಡಕ್ಷರಪ್ಪನವರು ಬೀದಿಯವರೆಲ್ಲ ಕೇಳುವಂತೆ ದಬಾಯಿಸಿದರು. ಹೂವಪ್ಪ ಬಗ್ಗಿ, ಗೆರೆಯ ಮೇಲೆ ತೋರುಬೆರಳನ್ನು ನಿಧಾನ ಎಳೆದ. ಆ ತುದಿಯಿಂದ ಈ ತುದಿಗೆ, ಮತ್ತೆ ಈ ತುದಿಯಿಂದ ಆ ತುದಿಗೆ. ನೆಟ್ಟಗೆ ನಿಂತು, "ನನ್ನ ಕೈಯಲ್ಲೇ ಆಗಿದೆ ಸಾವ್ಕಾರ್ರೆ. ಈಚೆಗೆ ಕಣ್ಣು ಮಂಜು" ಅಂದ. ಪುಕ್ಕಟೆ ಬಣ್ಣ ಹೊಡೆದುಕೊಡ್ತೀನಿ ಅಂದದ್ದಕ್ಕೆ ಅವರು ಒಪ್ಪಲಿಲ್ಲ. ಕುರುಡನ ಕೈಗೆ ಇನ್ನೊಂದು ಸಲ ಕೊಡೋ ಹುಚ್ಚು ತನಗಿಲ್ಲ ಅಂದರು.

ಮುಂದಿನ ವಾರ ಹೂವಪ್ಪ ಕನ್ನಡಕ ಹಾಕಿಕೊಂಡು ಬಂದ. ಗೆರೆ ತನ್ನಿಂದಲೇ ಆಯಿತೆಂದು ಭಾವ ತನ್ನ ಕಣ್ಣನ್ನೇ ನಂಬದಾದ ಎಂದುಕೊಂಡ ಯೋಗರಾಜ. ನಾಳೆ ಹೇಳಿಬಿಡ್ತೀನಿ ಅಂದುಕೊಂಡ. ನಾಳೆಗಳು ಎರಡು ವರ್ಷವಾದವು.

*

ಹೆಣಕ್ಕೆ ನೀರು ಕಾಯಿಸುತ್ತಿದ್ದಾಗ ಭೈರಪ್ಪ ವ್ಯಾನಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ ತಂದ. ಬೆಳಗಿನಿಂದ ಅವನಿಗೂ ಅನ್ನ ಬಿದ್ದಿರಲಿಲ್ಲ. ಯಾರಿಗಾದರೂ ಹೇಳದೆ ಎದೆ ಹಗುರಾಗದು ಅನ್ನುವ ಹಾಗೆ, ಹಿತ್ತಿಲಲ್ಲಿ ಒಬ್ಬನೇ ನಿಂತಿದ್ದ ಯೋಗರಾಜನಿಗೆ ಎಲ್ಲವನ್ನೂ ಹೇಳತೊಡಗಿದ.

ಹೂವಪ್ಪ ಅಂಗಡಿಯಲ್ಲಿ ಒಂದು ಗಂಟೆ ಆರಿಸಿದ್ದ. ಮೇಜಿನ ಮೇಲೆ ಎರಡು ಮೆಷಿನ್ನು. ಒಂದು ಸುಮ್ಮನೆ ಗರಗರ ತಿರುಗುವಂಥದ್ದು, ಜೋರು, ಕೆಲಸ ಬೇಗ. ಇನ್ನೊಂದು ಅಲುಗುತ್ತ ತಿರುಗುವಂಥದ್ದು, ನಿಧಾನ. ಪರೀಕ್ಷೆಗೆಂದು ಇಟ್ಟಿದ್ದ ಹಳೇ ಮಾರುತಿಯ ಕಪ್ಪು ಬಾನೆಟ್ಟಿನ ಮೇಲೆ ಹೂವಪ್ಪ ಮೊದಲನೆಯದನ್ನು ಹಿಡಿದ. ನಾಲ್ಕೇ ನಿಮಿಷ, ಅಂಗೈ ಇಟ್ಟರೆ ತಗಡು ಬೆಚ್ಚಗೂ ಇಲ್ಲ, ಒಂದು ಗೆರೆಯೂ ಇಲ್ಲ. ಹದಿನೆಂಟು ವರ್ಷದ ವ್ಯಾಪಾರದಲ್ಲಿ ಅಂಥ ಕೈ ನೋಡಿಲ್ಲ ಅಂದ ಭೈರಪ್ಪ. ಆಮೇಲೆ ಹೂವಪ್ಪ ಎರಡನೆಯದನ್ನು ತಗೊಂಡು, ಬೇಕೆಂದೇ, ಬಾನೆಟ್ಟಿನ ಏಣಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತಿದನಂತೆ. ಮೆಷಿನ್ನಿನ ಚಕ್ರ ತಿರುಗುವುದು ನಿಂತು ಬರೀ ನಡುಗಿತು. ಬಣ್ಣಕ್ಕೆ ಏನೂ ಆಗಲಿಲ್ಲ. ಮತ್ತೆ ಒತ್ತಿದ, ಮತ್ತೆ ನಿಂತಿತು. ಮಕ್ಕಳ ಹಾಗೆ ನಕ್ಕು, ಇದೇ ಇರಲಿ, ಅಂದನಂತೆ. ಉಣ್ಣೆಯ ಪ್ಯಾಡು ಬೇಡ, ಮೆತ್ತನೆ ಸ್ಪಂಜಿನದು ಕೊಡಿ. ದಪ್ಪ ಕಂಪೌಂಡು ಬೇಡ, ನುಣುಪಿನದು ಸಾಕು. ಏಣು ಸುಡದ ಹಾಗೆ ಅದರ ಮೇಲೆ ಅಂಟಿಸೋಕೆ ಎರಡು ಸುತ್ತು ಟೇಪು.

"ನಿಮ್ಮಂಥ ಕೈಗೆ ಇದ್ಯಾಕೆ ಹೂವಪ್ಪನೋರೆ, ದುಪ್ಪಟ್ಟು ಹೊತ್ತು ಹಿಡಿಯುತ್ತೆ ಅಂದೆ. ಅದಕ್ಕೆ ಅವರು, ನನಗಲ್ಲ ಮಾರಾಯ, ನನ್ನ ಬಾಮೈದನಿಗೆ ಅಂದ್ರು. ಕಬ್ಬಿಣ ಉಜ್ಜಿದ ಕೈ ಅವನದು, ಒಂದ್ಸಲ ಏಣು ಸುಟ್ಟು ಎರಡು ವರ್ಷ ಆಯ್ತು, ಇನ್ನೂ ಕಪ್ಪು ಗಾಡಿ ಮುಟ್ಟೋಕೆ ಹೆದರ್ತಾನೆ ಅಂದ್ರು. ಹಂಗಂದು ಸ್ಟೂಲ್ ಮೇಲೆ ಕೂತು ನೀರು ಕೇಳಿದ್ರು. ನೀರು ತರೋದ್ರೊಳಗೆ ತಲೆ ಈ ಪೆಟ್ಟಿಗೆ ಮೇಲಿತ್ತು."

ಅವನು ಕಣ್ಣೊರೆಸಿಕೊಂಡು ಕೇಳಿದ: "ನೀವು ಅವರಿಗೆ ಏನಾಗ್ಬೇಕು?"

"ಬಾಮೈದ" ಅಂದ ಯೋಗರಾಜ.

ಭೈರಪ್ಪ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ, ಅದರ ಮೇಲಿನ ಧೂಳನ್ನು ತನ್ನ ಟವೆಲಿನಿಂದ ಒರೆಸಿ ಹೋದ.

*

ಮೈ ತೊಳೆದು, ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿದ ಮೇಲೆ ಒಳಗಿಂದ ಶಾಂತಮ್ಮ ಅವನ ಜೇಬಿನಿಂದ ತೆಗೆದಿಟ್ಟಿದ್ದ ಕನ್ನಡಕ ತಂದಳು. "ಇದನ್ನ ಹಾಕೋ ಯೋಗ. ಇದಿಲ್ದೆ ಅವರಿಗೆ ದೂರದ್ದು ಕಾಣ್ಸಲ್ಲ. ಹೊಸ ದಾರಿ" ಅಂದಳು.

ಗಾಜಿಗೆ ಕಂಪೌಂಡಿನ ಬಿಳಿ ಪುಡಿ ಮೆತ್ತಿತ್ತು. ಯೋಗರಾಜ ಅಂಗಿಯ ಚುಂಗಿನಿಂದ ಒರೆಸಿ, ಹೋಯಿತೋ ಇಲ್ಲವೋ ಎಂದು ಬೆಳಕಿಗೆ ಹಿಡಿದ. ಗಾಜಿನಾಚೆ ಗೋಡೆಗೊರಗಿದ ಪೆಟ್ಟಿಗೆ. ಅದರ ಮೇಲಿನ ಅಕ್ಷರಗಳು. ಕನ್ನಡಕವನ್ನು ಹತ್ತಿರ ತಂದ, ದೂರ ಹಿಡಿದ. ಅಕ್ಷರ ದೊಡ್ಡದೂ ಆಗಲಿಲ್ಲ, ಸಣ್ಣದೂ ಆಗಲಿಲ್ಲ. ಕಿಟಕಿಯ ಗಾಜಿನ ಮೂಲಕ ನೋಡಿದ ಹಾಗೆ, ನಂಬರೇ ಇಲ್ಲದ ಬರೀ ಗಾಜು. ಕೆಲಸಕ್ಕೆ ಬಗ್ಗಿದಾಗೆಲ್ಲ ಭಾವ ಅದನ್ನು ಹಣೆಗೇರಿಸಿಕೊಳ್ಳುತ್ತಿದ್ದುದು ನೆನಪಾಯಿತು. ಅವನು ಅಲ್ಲೇ ನೆಲದ ಮೇಲೆ ಕೂತ. ಪಾಪ, ಭಾವ ಅಂದ್ರೆ ಪ್ರಾಣ ಅವನಿಗೆ, ಅಂದಳು ಜಗದಾಂಬಾ.

ಕನ್ನಡಕವನ್ನು ಹೆಣಕ್ಕೆ ಹಾಕಿದ. ಅಕ್ಕನ ಎದುರು ಬೇರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

*

ಹೊಳೆಯ ದಿಕ್ಕಿನ ರುದ್ರಭೂಮಿಯಲ್ಲಿ ಗುಂಡಿ ತೆಗೆದಿಟ್ಟಿದ್ದರು. ಷಡಕ್ಷರಪ್ಪನವರು ಕಾರಿನಲ್ಲಿ ನಿಧಾನಕ್ಕೆ ಹಿಂದೆಯೇ ಬಂದರು. ಹೆಣ ಇಳಿಸಿದ್ದಾಯಿತು. ಕಾರ್ಯ ಹಿಡಿದವನು ಮೊದಲ ಹಿಡಿ ಹಾಕಲಿ ಅಂದರು. ಯೋಗರಾಜ ಮಣ್ಣು ತೆಗೆದುಕೊಂಡ. ಎಲ್ಲರೂ ನೋಡುತ್ತಿದ್ದರು. ಹಿಡಿ ಬಿಚ್ಚಲಿಲ್ಲ.

ಮಣ್ಣನ್ನು ಪಕ್ಕಕ್ಕೆ ಚೆಲ್ಲಿ ಅವನು ಗುಂಡಿಗೆ ಇಳಿದ. ತಡೀರೋ, ತಲೆ ಕೆಟ್ಟಿದೆ ಅವನಿಗೆ, ಎಂದು ಯಾರೋ ಅಂದರು. ಅವನು ಬಗ್ಗಿ ಭಾವನ ಮುಖದಿಂದ ಕನ್ನಡಕ ತೆಗೆದ. ಒಂದು ಕಿವಿಗೆ ಸಿಕ್ಕಿಕೊಂಡಿದ್ದನ್ನು ಮೆಲ್ಲಗೆ ಬಿಡಿಸಿದ. ಮೇಲೆ ಬಂದು ಷಡಕ್ಷರಪ್ಪನವರ ಮುಂದೆ ಹಿಡಿದ.

"ಭಾವನ ಕಣ್ಣು ಸರಿ ಇತ್ತು ಸಾವ್ಕಾರ್ರೆ. ಬಾನೆಟ್ ಸುಟ್ಟಿದ್ದು ನಾನು."

ಓಂಕಾರಪ್ಪ ಬಾಯಲ್ಲಿದ್ದ ಬೀಡಿಯನ್ನು ತೆಗೆಯುವುದನ್ನೇ ಮರೆತಿದ್ದ. ಷಡಕ್ಷರಪ್ಪನವರು ತಮ್ಮ ಕನ್ನಡಕ ತೆಗೆದು ಜೇಬಿಗಿಟ್ಟು, ಹೂವಪ್ಪನದನ್ನು ಹಾಕಿಕೊಂಡರು. ಬೇಲಿಯಾಚೆ ನಿಂತ ತಮ್ಮ ಕಾರಿನ ಕಡೆ ನೋಡಿದರು. ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿ ನೋಡಿದರು. ಹಾಕಿದರೂ ತೆಗೆದರೂ ಅವರಿಗೆ ಕಾರು ಒಂದೇ ಥರ ಮಂಜಾಗಿತ್ತು.

"ಅವನಿಗೆ ಗೊತ್ತಿತ್ತಾ?" ಅಂದರು ಸಣ್ಣಗೆ.

"ಗೊತ್ತಿತ್ತು."

"ಎರಡು ವರ್ಷ ಆ ಸುಳ್ಳನ್ನ ನನ್ನ ಬಾಯಲ್ಲಿ ಆಡಿಸಿದ್ಯಲ್ಲೋ."

ಅವರು ಕನ್ನಡಕ ಮಡಿಸಿ ಅವನ ಕೈಗೆ ವಾಪಸ್ಸು ಕೊಟ್ಟರು. ಗುಂಡಿಯ ಅಂಚಿಗೆ ಹೋಗಿ ನಿಂತರು. ಮಣ್ಣು ಹಾಕಲಿಲ್ಲ, ಕೈಮುಗಿದರು, ಬಹಳ ಹೊತ್ತು. ಆಮೇಲೆ ಕಾರಿನ ಕಡೆ ನಡೆದರು. ಇಳಿಬಿಸಿಲಲ್ಲಿ ಬಾನೆಟ್ಟಿನ ಬೂದು ಗೆರೆ ಹೊಸದಾಗಿ ಕೆತ್ತಿದ ಹಾಗೆ ಕಾಣುತ್ತಿತ್ತು.

ಯೋಗರಾಜ ಎಡಗೈಯಲ್ಲಿ ಕನ್ನಡಕ ಹಿಡಿದು, ಬಲಗೈಯಿಂದ ಮಣ್ಣು ಹಾಕಿದ.

*

ಮಣ್ಣಿಗೆ ಹೋದವರು ಮನೆಗೆ ಬಂದು ದೀಪ ನೋಡಿ ಹೋಗಬೇಕು. ಹೆಣ ಇಟ್ಟಿದ್ದ ಜಾಗವನ್ನು ಸಾರಿಸಿ ಶಾಂತಮ್ಮ ದೀಪ ಹಚ್ಚಿಟ್ಟಿದ್ದಳು. ಒಬ್ಬೊಬ್ಬರೇ ಕೈಕಾಲು ತೊಳೆದು ಬಂದು, ದೀಪಕ್ಕೆ ಕೈಮುಗಿದು, ಅವಳ ಮುಖ ನೋಡದೆ ಹೋದರು. ಕೊನೆಗೆ ಯೋಗರಾಜ ಉಳಿದ. ಅವನ ಜೇಬಿನಿಂದ ಕನ್ನಡಕದ ಒಂದು ಕಡ್ಡಿ ಹೊರಗೆ ಕಾಣುತ್ತಿತ್ತು.

"ಅದ್ಯಾಕೆ ವಾಪಸ್ ತಂದೆ?" ಅಂದಳು ಶಾಂತಮ್ಮ. "ಅವರಿಗೆ ಬೇಡ್ವಾ?"

ಯೋಗರಾಜ ಕನ್ನಡಕವನ್ನು ಅವಳ ಕೈಗಿಟ್ಟ.

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎರಡು ವರ್ಷ ದಿನಾ ಒರೆಸಿಕೊಟ್ಟಿದ್ದಳು, ಒಂದು ದಿನವೂ ಕಣ್ಣಿಗೆ ಹಿಡಿದು ನೋಡಿರಲಿಲ್ಲ. ಈಗ ಮೊದಲ ಸಲ ಹಿಡಿದು, ದೀಪದ ಕಡೆ ತಿರುಗಿದಳು. ಕೈ ಕೆಳಗಿಳಿಸಿದಳು, ಮತ್ತೆ ಹಿಡಿದಳು. ಗಾಜಿನೊಳಗಿನ ದೀಪ ಹೊರಗಿನ ದೀಪದಷ್ಟೇ ಇತ್ತು.