ಟೈಲರ್ ಬರೆದ ಸೊನ್ನೆಗಳು

ಬಾಗಿಲ ಬಳಿಯ ಚಪ್ಪಲಿ ರಾಶಿಯಲ್ಲಿ ತನ್ನದನ್ನೂ ಬಿಡುತ್ತ ನರ್ಸ್ ಕೈಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಸತ್ತವರ ಮನೆಗೆ ಬಂದು ಯಾವ ಮುಖ ಹೊತ್ತು ಪುಸ್ತಕ ಕೇಳುವುದು? ಆದರೆ ಸಂಜೆಯೊಳಗೆ ಅದು ಮೇಜಿನ ಮೇಲಿರಬೇಕೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಕ್ಯಾನ್ಸರ್ ಔಷಧಿಯಿಂದ ಬರುವ ವಾಂತಿ ತಡೆಯಲು ಹೊಸ ಮಾತ್ರೆಯ ಪ್ರಯೋಗ ನಡೆದಿತ್ತು. ದಿನದಿನದ ವಾಂತಿಯ ಲೆಕ್ಕವನ್ನು ರೋಗಿಗಳೇ ಒಂದೊಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಹನ್ನೊಂದು ಮಂದಿ ರೋಗಿಗಳಲ್ಲಿ, ಈಗ ತೀರಿಕೊಂಡ ಟೈಲರ್‌ನದೇ ಎಲ್ಲಕ್ಕಿಂತ ಚೆನ್ನಾದ ಪುಸ್ತಕ. ಅಂಥ ಪುಸ್ತಕಗಳನ್ನು ನಂಬಿ ಸೋಮವಾರದಿಂದ ಇನ್ನೂ ನಲವತ್ತು ಜನಕ್ಕೆ ಹಳೆಯ ಮಾತ್ರೆ ನಿಲ್ಲಿಸಿ ಹೊಸದನ್ನು ಕೊಡುವವರಿದ್ದರು.

ನಡುಮನೆಯಲ್ಲಿ, ಬಟ್ಟೆ ಕತ್ತರಿಸುವ ತನ್ನದೇ ಉದ್ದನೆಯ ಮೇಜಿನ ಮೇಲೆ ಟೈಲರ್ ಮಲಗಿದ್ದ. ಸುತ್ತ ಕೂತವರು ತಗ್ಗಿದ ದನಿಯಲ್ಲಿ ಅವನನ್ನೇ ಆಡಿಕೊಳ್ಳುತ್ತಿದ್ದರು.

“ನನ್ನ ಮದುವೆ ಕೋಟು ನಾಳೆ ಕೊಡ್ತೀನಿ ಅಂದಿದ್ದ. ಕೊಡೋಷ್ಟರಲ್ಲಿ ಮಗಳು ಹುಟ್ಟಿದ್ಲು,” ಎಂದ ಪಕ್ಕದ ಅಂಗಡಿಯ ಬೀಗ ರಿಪೇರಿಯವನು.

“ಆಗಲ್ಲ ಅನ್ನೋಕೆ ನಮ್ಮಣ್ಣನಿಗೆ ಬಾಯೇ ಬರ್ತಿರಲಿಲ್ಲ,” ಎಂದಳು ಟೈಲರ್‌ನ ತಂಗಿ. “ಎದುರಿಗಿರೋರ ಮುಖ ಸಪ್ಪಗಾಗಬಾರದು, ಅಷ್ಟೇ.”

ನರ್ಸ್‌ಗೂ ನಗು ಬಂತು.

*

ಪ್ರಯೋಗದ ಮೊದಲ ವಾರ ಟೈಲರ್ ಐದು, ಏಳು, ಆರು ಎಂದು ಬರೆದು ತಂದಿದ್ದ. ದಿನಕ್ಕೆ ಎಷ್ಟು ಸಲ ವಾಂತಿಯಾಯಿತೋ ಅಷ್ಟು. ನೋಡಿ ನರ್ಸಿನ ಮುಖ ಬಾಡಿತ್ತು. ಅವಳ ಅಮ್ಮ ಇದೇ ಚಿಕಿತ್ಸೆಯಲ್ಲಿ ವಾಂತಿ ಮಾಡಿ ಮಾಡಿಯೇ ಸೊರಗಿ ಹೋದವಳು. ಈ ಮಾತ್ರೆ ಫಲಿಸಲಿ ಎಂದು ಅವಳಷ್ಟು ಹಂಬಲಿಸಿದವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.

“ಯಾಕಮ್ಮಾ, ಊಟ ಮಾಡಿಲ್ವಾ?” ಎಂದು ಅವನೇ ಅವಳನ್ನು ವಿಚಾರಿಸಿದ್ದ.

ಮುಂದಿನ ವಾರ ಎರಡು, ಒಂದು. ಆಮೇಲೆ ಬರೀ ಸೊನ್ನೆ. ಅವಳು ಆ ಪುಸ್ತಕವನ್ನು ವಾರ್ಡಿಗೆಲ್ಲ ತೋರಿಸಿಕೊಂಡು ಬಂದಿದ್ದಳು. ಹೊಲಿದ ಅಂಗಿ ಗಿರಾಕಿಯ ಮೈಗೆ ಸರಿಯಾಗಿ ಕೂತಾಗ ನೋಡುವಂತೆ ಟೈಲರ್ ಅವಳನ್ನು ನೋಡುತ್ತಿದ್ದ.

*

ಹಿತ್ತಿಲಲ್ಲಿ ಅವನ ಹೆಂಡತಿ ಮೂರು ಬೇಸನ್‌ಗಳನ್ನು ಉಜ್ಜುತ್ತ ಕೂತಿದ್ದಳು.

“ಈಗ ಯಾಕಮ್ಮಾ ಇದೆಲ್ಲ? ಸ್ಮಶಾನಕ್ಕೆ ಹೋಗೋ ವ್ಯಾನ್ ಬಂದಿದೆ.”

“ಅಭ್ಯಾಸ, ಸಿಸ್ಟರ್. ಒಂದು ತುಂಬೋಷ್ಟರಲ್ಲಿ ಇನ್ನೊಂದು ತೊಳೆದಿಡಬೇಕಿತ್ತು.”

ನರ್ಸ್ ಅವಳ ಪಕ್ಕದಲ್ಲೇ ಕುಕ್ಕರಿಸಿದಳು. “ವಾಂತಿ ಮತ್ತೆ ಯಾವಾಗ ಶುರುವಾಯ್ತು?”

“ಯಾವಾಗ ನಿಂತಿತು ಅಂತ ಕೇಳಿ. ನಿನ್ನೆ ಬೆಳಿಗ್ಗೆ, ಉಸಿರಿನ ಜೊತೆ.”

“ಮತ್ತೆ ಪುಸ್ತಕದಲ್ಲಿ…”

“ಎಷ್ಟು ಜಗಳ ಆಡಿದೆ. ಕಕ್ಕೋನು ನಾನು, ಆ ಹುಡುಗಿಗ್ಯಾಕೆ ಸಂಕಟ, ಸೊನ್ನೆ ಕಂಡ್ರೆ ಅವಳ ಮುಖ ಹೇಗೆ ಅರಳುತ್ತೆ ಗೊತ್ತಾ, ಅಂತಿದ್ರು.” ಅವಳು ಬೇಸನ್ ಬೋರಲು ಹಾಕಿದಳು. “ಆಸ್ಪತ್ರೇಲಿ ಪಕ್ಕದ ಮಂಚದವರಿಗೂ ಹೇಳಿಕೊಟ್ಟಿದ್ರಂತೆ, ಹೀಗೇ ಬರೀರಿ ಅಂತ.”

ಹೊಲಿಗೆ ಯಂತ್ರದ ಡ್ರಾಯರಿನಿಂದ ಪುಸ್ತಕ ತಂದುಕೊಟ್ಟು ಅವಳು ಒಳಗೆ ಹೋದಳು. ಅಷ್ಟರಲ್ಲಿ ಡಾಕ್ಟರ ಫೋನು ಬಂತು.

“ಸಿಕ್ತೇನಮ್ಮಾ? ಬಾ, ಎಲ್ಲರೂ ನಿನಗೇ ಕಾಯ್ತಿದ್ದಾರೆ.” ಅವರ ದನಿಯಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.



“ನಾಳೆ ಕೊಡ್ತೀನಿ, ಸಾರ್,” ಎಂದಳು.

ಮನೆಯ ಮುಂದೆ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ನರ್ಸ್ ಕೊನೆಯ ಪುಟ ತಿರುವಿದಳು. ಕೈ ನಡುಗಿ ಬರೆಯಲಾಗದೆ ಹೋದೀತೆಂದು ಟೈಲರ್ ಇಡೀ ತಿಂಗಳನ್ನು ಮೊದಲೇ ತುಂಬಿಸಿಟ್ಟಿದ್ದ. ಒಂದೇ ಅಳತೆಯ ದುಂಡನೆಯ ಸೊನ್ನೆಗಳು. ಇವತ್ತಿನ ತಾರೀಖಿನ ಎದುರಿಗೂ ಒಂದಿತ್ತು, ನಾಳೆಯ ಎದುರಿಗೂ ಒಂದಿತ್ತು.